ಕೆನ್ನೆಗೆ ಹೊಡೆದರೆ ಎಫ್‌ಐಆರ್ ಯಾಕೆ ಆಗುವುದಿಲ್ಲ?

ತೋಟದ ಗಡಿ, ಸೊಪ್ಪಿನ ಬೆಟ್ಟದ ಬೇಲಿ, ದೋಣಿ ಕಟ್ಟುವ ಜಾಗ. ಕಾರವಾರ, ಶಿರಸಿ ಕಡೆ ಇಂಥ ವಿಷಯಕ್ಕೆ ಮಾತು ಬೆಳೆದು ಕೈ ಕೈ ಮಿಲಾಯಿಸುವುದು ಹೊಸದಲ್ಲ. ಏಟು ತಿಂದವರು ಸ್ಟೇಷನ್ನಿಗೆ ಹೋದರೆ ‘ಎನ್‌ಸಿ’ (ನಾನ್-ಕಾಗ್ನಿಜಬಲ್, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ಅಪರಾಧ) ಅಂತ ಬರೆದುಕೊಂಡು ಕಳಿಸುತ್ತಾರೆ. ಪೊಲೀಸರು ಕೇಸೇ ತಗೊಂಡಿಲ್ಲ ಅಂದುಕೊಂಡು ಜನ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕಿಲ್ಲ.

ನಮ್ಮ ಕಾನೂನು ಹೊಡೆತವನ್ನು ಹೇಗೆ ನೋಡುತ್ತದೆಂದು ತಿಳಿಯಲು ಇಂಗ್ಲೆಂಡಿನಿಂದ ಶುರು ಮಾಡೋಣ. ಅಲ್ಲಿನ ಕಾನೂನಿನಲ್ಲಿ ಒಪ್ಪಿಗೆಯಿಲ್ಲದೆ ಒಬ್ಬರ ಮೈಮೇಲೆ ಕೈ ಮಾಡುವುದಕ್ಕೆ ‘ಬ್ಯಾಟರಿ’ ಎನ್ನುತ್ತಾರೆ. ಹೊಡೆಯುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಫಿರಂಗಿಗಳ ಸಾಲಿಗೂ ಅದೇ ಹೆಸರಾಯಿತು. 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಜೋಡಿಸಿಟ್ಟ, ವಿದ್ಯುತ್ ಹಿಡಿದಿಡುವ ಜಾಡಿಗಳನ್ನು ಹಾಗೇ ಕರೆದ. ನಮ್ಮ ಟಾರ್ಚಿನ ಬ್ಯಾಟರಿ ಆ ದಾರಿಯಲ್ಲಿ ಬಂತು. 1704ರಲ್ಲಿ ಇಂಗ್ಲೆಂಡಿನ ನ್ಯಾಯಮೂರ್ತಿ ಹೋಲ್ಟ್, ಸಿಟ್ಟಿನಿಂದ ಚೂರು ಮುಟ್ಟಿದರೂ ಅದು ಬ್ಯಾಟರಿಯೇ ಎಂದರು. ಗಾಯ ಆಗಲೇಬೇಕೆಂದಿಲ್ಲ.

ನಮ್ಮಲ್ಲಿ ಬ್ರಿಟಿಷ್ ಅಧಿಕಾರಿ ಮೆಕಾಲೆ ಮುಂದಾಳತ್ವದ ಆಯೋಗ 1837ರಲ್ಲಿ ಅಪರಾಧ ಕಾನೂನಿನ ಕರಡು ಮುಗಿಸಿತು. ಅದರಿಂದ ಬಂದ ಭಾರತೀಯ ದಂಡ ಸಂಹಿತೆ 1862ರ ಜನವರಿ 1ರಂದು ಜಾರಿಯಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದೂ ಅದೇ ವರ್ಷ. ಆ ಸಂಹಿತೆಯಲ್ಲಿ ಬ್ಯಾಟರಿ ಎಂಬ ಅಪರಾಧವೇ ಇಲ್ಲ. ಅದನ್ನು ಒಡೆದು ಬಲಪ್ರಯೋಗ, ಹಲ್ಲೆ, ನೋವು, ಗಂಭೀರ ಗಾಯ ಎಂದು ಬೇರೆ ಬೇರೆ ಮಾಡಿದರು. ಬಲಪ್ರಯೋಗಕ್ಕೆ ಕೊಟ್ಟ ಮೊದಲ ಉದಾಹರಣೆ ನೋಡಿ: ನದಿಯಲ್ಲಿ ಕಟ್ಟಿದ ದೋಣಿಯಲ್ಲಿ ಒಬ್ಬ ಕೂತಿದ್ದಾನೆ. ಇನ್ನೊಬ್ಬ ಬೇಕೆಂದೇ ಹಗ್ಗ ಬಿಚ್ಚಿ ದೋಣಿ ತೇಲಿಬಿಡುತ್ತಾನೆ. ಮೈ ಮುಟ್ಟದಿದ್ದರೂ ಅದು ಬಲಪ್ರಯೋಗ. ಕಾಳಿ ನದಿಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಹಲ್ಲೆಗಂತೂ ಮುಟ್ಟುವುದೇ ಬೇಡ. ಈಗ ಹೊಡೆದೇಬಿಡುತ್ತಾನೆ ಎಂದು ಎದುರಿನವರಿಗೆ ಅನ್ನಿಸುವಂತೆ ಕೈ ಎತ್ತಿದರೆ ಸಾಕು.

2024ರ ಜುಲೈ 1ರಿಂದ ಅದರ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂತು. ವಿಂಗಡಣೆ ಹಳೆಯದೇ, ಅಂಕಿಗಳು ಬದಲಾದವು. ಬೇಕೆಂದೇ ಹೊಡೆದು ನೋವು ಮಾಡಿದರೆ 115(2)ನೇ ಕಲಂ: 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲು ದಂಡ 1,000 ರೂಪಾಯಿ ಇತ್ತು. ಇದರಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿ ಬರುವುದು ಅದಕ್ಕೇ. ಆದರೆ ಹಲ್ಲು ಅಥವಾ ಮೂಳೆ ಮುರಿದರೆ ಗಂಭೀರ ಗಾಯ. 7 ವರ್ಷದವರೆಗೆ ಶಿಕ್ಷೆ, ಎಫ್‌ಐಆರ್ ನೇರವಾಗಿ ಆಗುತ್ತದೆ. ನೋವಿನಿಂದ 15 ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ಗಂಭೀರವೇ. ಮೊದಲು 20 ದಿನ ಬೇಕಿತ್ತು. ಕತ್ತಿಯಿಂದ ಹೊಡೆದರೆ ನೋವು ಸಣ್ಣದಿದ್ದರೂ 3 ವರ್ಷದವರೆಗೆ ಜೈಲಾಗಬಹುದು.

ಹಾಗಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಆದ ಗಾಯವನ್ನೆಲ್ಲ ಬರೆಸಿ. ವೈದ್ಯರು ಗಾಯದ ವಿವರ ಬರೆದುಕೊಡುವ ವೂಂಡ್ ಸರ್ಟಿಫಿಕೇಟ್ ಮೇಲೆಯೇ ಕಲಂ ನಿಲ್ಲುತ್ತದೆ. ಎನ್‌ಸಿ ನಂಬರ್ ಕೇಳಿ ಪಡೆಯಿರಿ. ಎನ್‌ಸಿ ವರದಿಗಳನ್ನು ಪೊಲೀಸರು 15 ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕೆಂದು ಈಗಿನ ಕಾನೂನು ಹೇಳುತ್ತದೆ. ನೀವೇ ಕೋರ್ಟಿಗೆ ಹೋಗಿ ಖಾಸಗಿ ದೂರನ್ನೂ ಕೊಡಬಹುದು. ಸಾಮಾನ್ಯ ಹೊಡೆತದ ಕೇಸಿಗೆ ಅದರ ಗಡುವು 1 ವರ್ಷ.