ನ್ಯೂಟ್ರಲ್‌ಗೆ ಹಾಕಿದರೆ ಸಾಲದು: ಹಳೆಯ ಫೋರ್‌ವೀಲ್ ಗಾಡಿ ಎಳೆಯುವ ಮುನ್ನ

ಬಳ್ಳಾರಿಯ ನಮ್ಮ ಗ್ಯಾರೇಜಿಗೆ ಪದೇ ಪದೇ ಬರುವ ಫೋನ್ ಇದು: "ಅಣ್ಣಾ, ಹಳೇ ಜಿಪ್ಸಿ ಒಂದು ತಗೊಂಡೀನಿ. ಎಂಜಿನ್ ಸ್ಟಾರ್ಟ್ ಆಗ್ತಿಲ್ಲ. ನ್ಯೂಟ್ರಲ್ ಮಾಡಿ ಟೋಚನ್ ಹಾಕ್ಕೊಂಡು ಬಂದ್ಬಿಡ್ಲಾ?" ಸಿಂಧನೂರು, ಸಿರುಗುಪ್ಪ ಕಡೆಯ ಗದ್ದೆಯವರು ಕೇಳುತ್ತಾರೆ. ಸಂಡೂರಿನ ಗಣಿ ಕೆಲಸದಿಂದ ಹೊರಬಿದ್ದ ಜೀಪು ಕೊಂಡವರೂ ಕೇಳುತ್ತಾರೆ. ಈಗೀಗ ಹಳೆಯ ಗಾಡಿ ರಿಪೇರಿ ಮಾಡಿಸಿ ಇಟ್ಟುಕೊಳ್ಳುವ ಹುಡುಗರೂ ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ. ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಇಂಥ ಫೋರ್‌ವೀಲ್ ಗಾಡಿಗೆ ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಸಾಲದು. ಎಳೆಯುವಾಗ ಗಾಡಿಯ ಒಳಗೆ ಏನೇನು ತಿರುಗುತ್ತದೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ.

ಎಂಜಿನ್ ನಿಂತಿದ್ದರೂ ಚಕ್ರ ಉರುಳುತ್ತಲೇ ಇರುತ್ತದೆ. ಹಿಂದಿನ ಚಕ್ರ ಉರುಳಿದರೆ ಆಕ್ಸಲ್ ತಿರುಗುತ್ತದೆ, ಆಕ್ಸಲ್ ತನ್ನ ನಡುವಿನ ಹಲ್ಲುಚಕ್ರದ ಜೋಡಿ ಕ್ರೌನ್ ಪಿನಿಯನ್ನನ್ನು ತಿರುಗಿಸುತ್ತದೆ, ಅಲ್ಲಿಂದ ಗಾಡಿಯ ಕೆಳಗೆ ಉದ್ದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್, ಆಮೇಲೆ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್. ಟ್ರಾನ್ಸ್‌ಫರ್ ಲಿವರ್ 2ಎಚ್‌ನಲ್ಲಿ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಸ್ಥಾನ) ಇದ್ದರೆ ಅದು ಗೇರ್‌ಬಾಕ್ಸಿನ ಮೇನ್ ಶಾಫ್ಟನ್ನೂ ಎಳೆದುಕೊಂಡು ತಿರುಗುತ್ತದೆ. ಒಂದು ಲೆಕ್ಕ ಹಾಕಿ. ಗಾಡಿ 40 ಕಿ.ಮೀ. ವೇಗದಲ್ಲಿ ಹೋದರೆ ಜಿಪ್ಸಿಯಂಥ ಗಾಡಿಯ ಚಕ್ರ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತದೆ. ಪಿನಿಯನ್ ಅನುಪಾತ 4ಕ್ಕೆ 1 ಅಂತ ಇಟ್ಟುಕೊಂಡರೂ ಶಾಫ್ಟ್ 1200 ಸುತ್ತು ತಿರುಗುತ್ತದೆ. ಎಂಜಿನ್ ಆನ್ ಮಾಡದೆಯೇ ಒಳಗೆ ಇಷ್ಟು ಕೆಲಸ ನಡೆಯುತ್ತದೆ.

ತಿರುಗಿದರೆ ಏನಾಯ್ತು ಅನ್ನಿಸಬಹುದು. ತೊಂದರೆ ಇರೋದು ಆಯಿಲ್‌ನಲ್ಲಿ. ಇಂಥ ಗೇರ್‌ಬಾಕ್ಸಿನ ತಳದಲ್ಲಿ ಆಯಿಲ್ ನಿಂತಿರುತ್ತದೆ. ಅದನ್ನು ಮೇಲಕ್ಕೆ ಎರಚುವುದು ಕೆಳಗಿನ ಲೇ ಶಾಫ್ಟಿನ ಹಲ್ಲುಗಳು, ಗದ್ದೆಯಲ್ಲಿ ಕೇಜ್ ವೀಲ್ ಕೆಸರು ಎರಚುವ ಹಾಗೆ. ಆ ಲೇ ಶಾಫ್ಟ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತಿದೆ, ಗೇರ್ ನ್ಯೂಟ್ರಲ್‌ನಲ್ಲಿದೆ ಅಂದರೆ ಲೇ ಶಾಫ್ಟೂ ನಿಂತಿರುತ್ತದೆ. ಮೇಲಿನ ಮೇನ್ ಶಾಫ್ಟ್ ಮಾತ್ರ ಗರಗರ ತಿರುಗುತ್ತದೆ. ಅದರ ಬೇರಿಂಗು, ಬುಷ್‌ಗಳಿಗೆ ಆಯಿಲ್ ತಲುಪುವುದೇ ಇಲ್ಲ. ಎರಡು ಮೂರು ಕಿಲೋಮೀಟರಿಗೆ ಏನೂ ಆಗಲಿಕ್ಕಿಲ್ಲ. ಐವತ್ತು, ನೂರು ಅಂತ ಹೊರಟರೆ ಒಳಗೆ ಸುಡುತ್ತದೆ.

ಗಂಗಾವತಿ ಕಡೆಯಿಂದ ಕಂಪ್ಲಿ ಸೇತುವೆ ದಾಟಿಸಿ ಎಳೆದು ತಂದ ಒಂದು ಹಳೆಯ ಫೋರ್‌ವೀಲ್ ಗಾಡಿಯನ್ನು ನಾನೇ ಬಿಚ್ಚಿದ್ದೇನೆ. ಟ್ರಾನ್ಸ್‌ಫರ್ 2ಎಚ್‌ನಲ್ಲಿತ್ತು, ಶಾಫ್ಟ್ ಬಿಚ್ಚಿರಲಿಲ್ಲ, ಮುಂದಿನ ಗಾಡಿ ಒಳ್ಳೆ ಸ್ಪೀಡಿನಲ್ಲೇ ಬಂದಿತ್ತು. ಗೇರ್‌ಬಾಕ್ಸ್ ಮುಚ್ಚಳ ತೆಗೆದಾಗ ಸುಟ್ಟ ಆಯಿಲಿನ ವಾಸನೆ. ಮೇನ್ ಶಾಫ್ಟಿನ ಮುಂದಿನ ತುದಿ ನೀಲಿಗಟ್ಟಿತ್ತು. ಅಲ್ಲಿನ ಸಣ್ಣ ರೋಲರ್‌ಗಳಲ್ಲಿ ಕೆಲವು ಪುಡಿಯಾಗಿದ್ದವು, ಒಂದು ಗೇರ್ ಶಾಫ್ಟಿಗೇ ಕಚ್ಚಿಕೊಂಡಿತ್ತು. ತಳದ ಆಯಿಲ್ ಮಾತ್ರ ಹೊಸದರಂತೆ ಇತ್ತು, ಯಾಕಂದರೆ ಅದು ಮೇಲೆ ಹೋಗಿಯೇ ಇರಲಿಲ್ಲ. ಮಾಲೀಕರು ಪಕ್ಕದಲ್ಲೇ ನಿಂತು, "ಎಂಜಿನ್ನೇ ಓಡಿಲ್ಲಲ್ಲಣ್ಣ, ಗೇರ್‌ಬಾಕ್ಸ್ ಹೆಂಗ ಸುಡ್ತು?" ಅಂದರು. ಅವರ ತಪ್ಪಲ್ಲ. ಹೇಳಿದವರು "ನ್ಯೂಟ್ರಲ್ ಸಾಕು" ಅಂದಿದ್ದರು. ಎಂಜಿನ್ ಕೆಲಸಕ್ಕೆ ಅಂತ ತಂದ ಗಾಡಿಗೆ ಗೇರ್‌ಬಾಕ್ಸಿನ ಖರ್ಚೂ ಸೇರಿತು.

ಹಾಗಾದರೆ ಟ್ರಾನ್ಸ್‌ಫರ್ ಕೇಸಿನಲ್ಲೂ ನ್ಯೂಟ್ರಲ್ ಇದೆಯಲ್ಲ? ಇದೆ. ಜಿಪ್ಸಿ ಲಿವರಿನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ 4ಎಚ್‌ಗೂ, ಅದರದೇ ನಿಧಾನದ ಗೇರ್ ಆದ 4ಎಲ್‌ಗೂ ನಡುವೆ ಎನ್, ಅಂದರೆ ನ್ಯೂಟ್ರಲ್ ಇರುತ್ತದೆ. ಅಲ್ಲಿಗೆ ಹಾಕಿದರೆ ಗೇರ್‌ಬಾಕ್ಸ್ ಬಚಾವ್. ಆದರೆ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಶಾಫ್ಟುಗಳು ಆಗಲೂ ತಿರುಗುತ್ತಲೇ ಇರುತ್ತವೆ. ಅವುಗಳಿಗೆ ಆಯಿಲ್ ಸಿಗುತ್ತದೋ ಇಲ್ಲವೋ ಅನ್ನೋದು ಆ ಮಾದರಿಯ ಮೇಲೆ ಹೋಗುತ್ತದೆ. ಇನ್ನೊಂದು ವಿಷಯ. ಹಳೆಯ ಗಾಡಿಯಲ್ಲಿ ಲಿವರ್ ಹಿಡಿದಿಡುವ ಸ್ಪ್ರಿಂಗ್ ಸವೆದಿರುತ್ತದೆ. ರಸ್ತೆ ಗುಂಡಿಗೆ ಎಗರಿ ಗೇರಿಗೆ ಬಿದ್ದುಬಿಡಬಹುದು. ನಾಬ್ ತಿರುಗಿಸುವ ಎಲೆಕ್ಟ್ರಿಕ್ ಮಾದರಿಗಳಲ್ಲಂತೂ ಎನ್ ಗುರುತೇ ಇಲ್ಲದ ಗಾಡಿಗಳಿವೆ. ಬ್ಯಾಟರಿ ಸತ್ತಿದ್ದರೆ ಅದು ಯಾವುದರಲ್ಲಿ ನಿಂತಿದೆ ಅಂತಲೂ ಹೇಳಲಾಗದು.

ಅದಕ್ಕೇ ನಾನು ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸುತ್ತೇನೆ. ಅರ್ಧ ಗಂಟೆಯ ಕೆಲಸ. ಮೊದಲು ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ವಿಲ್ಲೀಸ್ ಮಾದರಿಯ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಇರೋದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ತುದಿಯಲ್ಲಿ. ಹಿಂದಿನ ಶಾಫ್ಟ್ ಕಳಚಿದ ಕ್ಷಣಕ್ಕೆ ಹ್ಯಾಂಡ್‌ಬ್ರೇಕಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ ಅಂತ ನಂಬಿ ಕೆಳಗೆ ಮಲಗಿದವನ ಮೇಲೆ ಗಾಡಿ ಉರುಳಿಬಿಡುತ್ತದೆ. ಟ್ರಾನ್ಸ್‌ಫರ್ ಎನ್‌ಗೆ ಹಾಕಿದಾಗಲೂ ಅಷ್ಟೇ. ಗೇರಿನಲ್ಲಿ ನಿಲ್ಲಿಸಿದ್ದೇನೆ ಅನ್ನುವ ಧೈರ್ಯ ಆಗ ಕೆಲಸಕ್ಕೆ ಬಾರದು.

ಕಲ್ಲು ಕೊಟ್ಟಮೇಲೆ ಶಾಫ್ಟಿನ ಎರಡು ಫ್ಲ್ಯಾಂಜಿಗೂ (ತುದಿಯಲ್ಲಿ ಬೋಲ್ಟ್ ಹಾಕುವ ತಟ್ಟೆ) ಬಿಳಿ ಪೇಂಟಿನಿಂದ ಅಡ್ಡಗೆರೆ ಎಳೆಯಿರಿ. ನಡುವೆ ಹಲ್ಲುಗಳ ಮೇಲೆ ಜಾರುವ ಜೋಡಣೆ, ಸ್ಪ್ಲೈನ್ ಇರುತ್ತದಲ್ಲ, ಅಲ್ಲಿಯೂ ಒಂದು ಗೆರೆ. ಆ ಸ್ಪ್ಲೈನ್ ಕಳಚಿ, ಮತ್ತೆ ಸೇರಿಸುವಾಗ ಒಂದೆರಡು ಹಲ್ಲು ತಪ್ಪಿದರೆ ಎರಡು ಕಡೆ ಶಾಫ್ಟ್ ಬಾಗಿ ತಿರುಗಲು ಬಿಡುವ ಕ್ರಾಸ್‌ಗಳು ನೇರಕ್ಕೆ ಬರುವುದಿಲ್ಲ. ಆಮೇಲೆ ಗಾಡಿ ಓಡಿಸುವಾಗ ಅದುರು ಹೋಗದೆ ಎಲ್ಲರೂ ಟೈರನ್ನು ಬೈಯುತ್ತಾರೆ. ಬೋಲ್ಟುಗಳಿಗೆ ಮಣ್ಣು, ಗ್ರೀಸು ಸೇರಿ ಗಟ್ಟಿಯಾಗಿರುತ್ತದೆ. ಸಂಡೂರು ಕಡೆಯ ಗಾಡಿಗಳಲ್ಲಿ ಕೆಂಪು ಅದಿರು ಧೂಳು ಸಿಮೆಂಟಿನಂತೆ ಕೂತಿರುತ್ತದೆ. ವೈರ್ ಬ್ರಷ್ ಹಾಕಿ ಕೆರೆದು, ಡೀಸೆಲ್ ಬಿಟ್ಟು ಸ್ವಲ್ಪ ಹೊತ್ತು ನೆನೆಯಲು ಬಿಡಿ. ಸರಿಯಾದ ರಿಂಗ್ ಪಾನಾ ಹಾಕಿ. ತಲೆ ಸವೆದ ಬೋಲ್ಟ್ ದಾರಿ ಪಕ್ಕದಲ್ಲಿ ಬಿಚ್ಚುವುದು ಕಷ್ಟ. ಕೆಲವು ಗಾಡಿಗಳಲ್ಲಿ ಶಾಫ್ಟಿನ ತುದಿ ನೇರವಾಗಿ ಟ್ರಾನ್ಸ್‌ಫರ್ ಕೇಸಿನ ಒಳಗೆ ಜಾರಿರುತ್ತದೆ. ಅದನ್ನು ಎಳೆದರೆ ಆಯಿಲ್ ಸೋರುತ್ತದೆ. ದಪ್ಪ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಟ್ಯೂಬಿನಿಂದ ಬಿಗಿದು ಕಟ್ಟಿ.

ಮುಂದಿನ ಶಾಫ್ಟಿಗೆ ಬರೋಣ. ಮುಂದಿನ ಚಕ್ರಕ್ಕೆ ಆಕ್ಸಲಿನಿಂದ ಅದನ್ನು ಬಿಡಿಸುವ ಫ್ರೀವೀಲ್ ಹಬ್ ಇದ್ದು, ಅದು ಫ್ರೀಯಲ್ಲಿ ನಿಜವಾಗಿ ಬಿಡುತ್ತಿದ್ದರೆ ಮುಂದಿನ ಶಾಫ್ಟ್ ತಿರುಗುವುದಿಲ್ಲ, ಹಾಗೇ ಬಿಡಬಹುದು. ಚಕ್ರ ಜಾಕ್ ಏರಿಸಿ ಕೈಯಿಂದ ತಿರುಗಿಸಿ ನೋಡಿ. ಶಾಫ್ಟೂ ತಿರುಗಿದರೆ ಅದನ್ನೂ ಬಿಚ್ಚಿ.

ಅದೇ ಹೊತ್ತಿಗೆ ಬೇರಿಂಗ್ ಶಬ್ದವನ್ನೂ ಕೇಳಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಗ್ರೀಸ್ ಒಣಗಿ ಗಟ್ಟಿಯಾಗಿರುತ್ತದೆ, ಬ್ರೇಕ್ ಶೂ ಡ್ರಮ್ಮಿಗೆ ಅಂಟಿರುತ್ತದೆ. ಹೊರಟ ಐದು ಕಿಲೋಮೀಟರಿಗೆ ನಿಲ್ಲಿಸಿ ನಾಲ್ಕೂ ಚಕ್ರದ ನಡುವಿನ ಹಬ್ ಮುಟ್ಟಿ ನೋಡಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಟಾರೇ ಕಾದಿರುತ್ತದೆ. ಹಾಗಾಗಿ "ಬಿಸಿ ಇದೆ" ಅನ್ನೋದರಿಂದ ಏನೂ ತಿಳಿಯದು. ಎಡದ ಹಬ್ಬನ್ನು ಬಲದ ಹಬ್ಬಿನ ಜೊತೆ ಹೋಲಿಸಿ. ಒಂದು ಕಡೆ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅಲ್ಲೇ ನಿಲ್ಲಿಸಿ. ಮುಂದೆ ಹೋದರೆ ಚಕ್ರವೇ ಕಳಚೀತು.

ಇನ್ನು ಟೋ ಬಾರ್, ಅಂದರೆ ಎರಡು ಗಾಡಿ ಕೂಡಿಸುವ ಕಬ್ಬಿಣದ ಸಲಾಕೆ. ಹಗ್ಗಕ್ಕಿಂತ ಬಾರ್ ಎಷ್ಟೋ ವಾಸಿ, ಮುಂದಿನ ಗಾಡಿ ಬ್ರೇಕ್ ಹಾಕಿದಾಗ ಹಿಂದಿನದು ಹೋಗಿ ಗುದ್ದುವುದಿಲ್ಲ. ಆದರೆ ಬಾರನ್ನು ಬಂಪರಿಗೆ ಕಟ್ಟಬೇಡಿ, ಚಾಸಿಗೆ ಕಟ್ಟಿ. ಚಾಸಿಯ ತುದಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ತುಕ್ಕು ತಿಂದ ಕಬ್ಬಿಣ ಠಣ್ ಅನ್ನದೆ ಡಬ್ ಅನ್ನುತ್ತದೆ. ಬಾರ್ ಹೆಚ್ಚು ಕಡಿಮೆ ಮಟ್ಟವಾಗಿರಲಿ. ಪಿನ್ನಿಗೆ ಕ್ಲಿಪ್ ಹಾಕಿ, ಕೆಳಗೆ ಎರಡು ಚೈನುಗಳನ್ನು ಅಡ್ಡಡ್ಡ ಕಟ್ಟಿ. ಎಳೆಯುವ ಗಾಡಿ ಹಿಂದಿನದಕ್ಕಿಂತ ಭಾರ ಇರಬೇಕು. ಹಿಂದಿನ ಗಾಡಿಯ ಎಂಜಿನ್ ಆಫ್ ಆಗಿರುವುದರಿಂದ ಬೂಸ್ಟರ್ ಇದ್ದರೂ ಅದರ ಬ್ರೇಕ್ ಪೆಡಲ್ ಕಲ್ಲಿನಂತಿರುತ್ತದೆ, ಎರಡು ಗಾಡಿಯ ತೂಕವೂ ಮುಂದಿನದರ ಬ್ರೇಕಿನ ಮೇಲೇ. ಹೀಗೆ ಸಂಡೂರು ಘಾಟಿ ಇಳಿಸಲು ಹೋಗಬೇಡಿ. ಸ್ಟೇರಿಂಗ್ ಲಾಕ್ ಇದ್ದರೆ ಬೀಗದಲ್ಲಿ ಕೀ ತಿರುಗಿಸಿಯೇ ಇಡಿ. ರಿವರ್ಸ್ ತೆಗೆಯಬೇಡಿ, ಹಿಂದಿನ ಗಾಡಿಯ ಮುಂಚಕ್ರ ಪೂರ್ತಿ ಮಡಚಿಕೊಂಡು ಬಾರನ್ನೇ ಬಗ್ಗಿಸುತ್ತದೆ.

ಈಗ ದೂರದ ಮಾತು. 1989ರ ರಸ್ತೆ ನಿಯಮಗಳ ಪ್ರಕಾರ ಕೆಟ್ಟ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಮುಟ್ಟಿಸುವಂಥ ಕೆಲಸಕ್ಕೆ ಮಾತ್ರ ಎಳೆಯಬಹುದಿತ್ತು. ವೇಗ ಗಂಟೆಗೆ 24 ಕಿ.ಮೀ. ಮೀರುವಂತಿರಲಿಲ್ಲ. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರುವಂತಿರಲಿಲ್ಲ. ಮುಂಚಕ್ರ ಎತ್ತಿ ಎಳೆಯದಿದ್ದರೆ ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇರುವ ಡ್ರೈವರ್ ಕೂತಿರಲೇಬೇಕಿತ್ತು. ಹಿಂಭಾಗದಲ್ಲಿ ಬಿಳಿ ಹಲಗೆ ಮೇಲೆ ಕಪ್ಪಗೆ, 75 ಮಿ.ಮೀ. ಎತ್ತರದ ಅಕ್ಷರದಲ್ಲಿ "ಆನ್ ಟೋ" ಅಂತ ಬರೆದಿರಬೇಕಿತ್ತು. 2017ರಲ್ಲಿ ಅವುಗಳ ಬದಲಿಗೆ ಹೊಸ ನಿಯಮಗಳು ಬಂದವು. ಆದರೂ ಹೆದ್ದಾರಿಯಲ್ಲಿ ಜೋರಾಗಿ ಎಳೆದುಕೊಂಡು ಹೋಗಲು ಪರವಾನಗಿ ಸಿಕ್ಕಿತು ಅಂತ ಯಾರೂ ತಿಳಿಯಬೇಡಿ. ಬೆಂಗಳೂರು ಇಲ್ಲಿಂದ ಸುಮಾರು 300 ಕಿ.ಮೀ. 24 ಕಿ.ಮೀ. ವೇಗದಲ್ಲಿ ಹನ್ನೆರಡು ಗಂಟೆಗೂ ಮೇಲೆ ಹಿಡಿಯುತ್ತದೆ. ಅದಿರಿನ ಲಾರಿಗಳು ಬೆನ್ನು ಹತ್ತಿರುವ ರಸ್ತೆಯಲ್ಲಿ ರಾತ್ರಿ ಆ ವೇಗದಲ್ಲಿ ಹೋಗುವುದು ಜೀವಕ್ಕೆ ಅಪಾಯ.

ಆದ್ದರಿಂದ ಊರ ಸುತ್ತಮುತ್ತಲಿನ ದಾರಿಗೆ ಶಾಫ್ಟ್ ಬಿಚ್ಚಿ ಟೋ ಬಾರ್ ಹಾಕಿ, ಹಗಲಲ್ಲೇ ತನ್ನಿ. ಅದಕ್ಕೂ ದೂರವಾದರೆ ಫ್ಲ್ಯಾಟ್‌ಬೆಡ್ (ಗಾಡಿಯನ್ನೇ ಮೇಲೆ ಹೊತ್ತೊಯ್ಯುವ ಲಾರಿ) ಕರೆಸಿ. ಬಾಡಿಗೆ ಜಾಸ್ತಿ ಅನ್ನಿಸುತ್ತದೆ, ಆದರೆ ಹಳೆಯ ಗಾಡಿಯ ಗೇರ್‌ಬಾಕ್ಸ್ ಸಾಮಾನು ಹುಡುಕಿ ಅಲೆದವರಿಗೆ ಹಾಗನ್ನಿಸುವುದಿಲ್ಲ. ಮುಂದಿನ ಚಕ್ರ ಮಾತ್ರ ಎತ್ತುವ ಕ್ರೇನ್ ಬಂದರೆ ಹಿಂದಿನ ಶಾಫ್ಟ್ ಬಿಚ್ಚದೆ ಎಳೆಯಲು ಬಿಡಬೇಡಿ. ಗಾಡಿ 4ಎಚ್‌ನಲ್ಲಿ ಸಿಕ್ಕಿಕೊಂಡಿದ್ದರೆ ಎತ್ತಿದ ಮುಂಚಕ್ರಗಳೂ ತಿರುಗಲು ನೋಡುತ್ತವೆ, ಕೊಕ್ಕೆಯಿಂದಲೇ ಜಿಗಿಯಬಹುದು. ಫ್ಲ್ಯಾಟ್‌ಬೆಡ್ ಮೇಲೆ ಬೆಲ್ಟನ್ನು ಆಕ್ಸಲ್‌ಗೆ ಬಿಗಿಯಿರಿ, ಗಾಡಿಯ ಮೈಗೆ ಅಲ್ಲ.

ಗಾಡಿ ಮನೆ ಮುಟ್ಟಿದ ಮೇಲೆ ಶಾಫ್ಟ್ ಜೋಡಿಸುವಾಗ ಬಿಳಿ ಗೆರೆಗಳು ಕೂಡಿವೆಯಾ ನೋಡಿ. ಹಳೆಯ ನಟ್ ಹಾಕಬೇಡಿ, ಹೊಸ ಲಾಕ್ ನಟ್ ತನ್ನಿ. ಕ್ರಾಸ್‌ಗಳಿಗೆ ಗ್ರೀಸ್ ಹೊಡೆಯಿರಿ. ಟ್ರಾನ್ಸ್‌ಫರ್ ಕೇಸಿನಿಂದ ಆಯಿಲ್ ಸೋರಿದ್ದರೆ ಲೆವೆಲ್ ನೋಡಿ ತುಂಬಿ. ಮೊದಲ ದಿನ ಗಾಡಿ ಓಡಿಸಿದ ಮೇಲೆ ಆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.