ಸಾಲದ ಕಡತ, ಸಮೀಕ್ಷೆಯ ಹಾಳೆ

ಅರ್ಥಶಾಸ್ತ್ರ ಓದಿದವರು ಅಭಿವೃದ್ಧಿಯ ಕೆಲಸ ಬಿಟ್ಟು ಬ್ಯಾಂಕಿನ ಕಡೆಗೆ ಹೊರಟರೆ ಹಳೆಯ ಜತೆಗಾರರು ‘ದುಡ್ಡಿನ ಹಿಂದೆ ಹೋದರು’ ಎನ್ನುತ್ತಾರೆ. ಮನೆಯವರು ‘ಅಂತೂ ದಡ ಸೇರಿದರು’ ಎನ್ನುತ್ತಾರೆ. ಬ್ಯಾಂಕು ಬಿಟ್ಟು ಹಳ್ಳಿಯ ಕೆಲಸಕ್ಕೆ ಮರಳಿದರೆ ಇದೇ ಮಾತುಗಳು ಅದಲುಬದಲಾಗುತ್ತವೆ. ನಾನು ಸೋಮವಾರಪೇಟೆ ತಾಲ್ಲೂಕಿನಲ್ಲಿ ಸ್ವಯಂಸೇವಾ ಸಂಸ್ಥೆಯೊಂದರ ಕೆಲಸ ಮಾಡಿ, ಆಮೇಲೆ ಬೆಂಗಳೂರಿನಲ್ಲಿ ಬ್ಯಾಂಕಿನ ಕೃಷಿ ಸಾಲ ವಿಭಾಗದಲ್ಲಿದ್ದು, ಈಗ ಕೊಡಗಿಗೆ ಮರಳಿ ಬೆಳೆಗಾರರೇ ಸದಸ್ಯರಾಗಿರುವ ಉತ್ಪಾದಕ ಕಂಪನಿಗಳಿಗೆ ಸಲಹೆ ನೀಡುತ್ತಿದ್ದೇನೆ. ಮಡಿಕೇರಿ, ಗೋಣಿಕೊಪ್ಪದ ವಿದ್ಯಾರ್ಥಿಗಳು ‘ಮೇಡಂ, ಎರಡರಲ್ಲಿ ಯಾವುದು ಒಳ್ಳೆಯದು?’ ಎಂದು ಕೇಳುತ್ತಲೇ ಇರುತ್ತಾರೆ. ಎರಡೂ ಕಡೆ ದುಡಿದವರಿಗೆ ಮಾತ್ರ ಕಾಣುವ ಸಂಗತಿಗಳಿವೆ. ಅವುಗಳಿಗಾಗಿಯಾದರೂ ಹೋಗಿ ಬರಬೇಕು ಎಂಬುದು ನನ್ನ ಉತ್ತರ.

ಮಾರ್ಚ್ ತಿಂಗಳನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲಕ್ಕೆ ಶೂನ್ಯ ಬಡ್ಡಿಯ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಮಾರ್ಚ್‌ನ ಗಡುವಿನೊಳಗೆ ಅಸಲು ಕಟ್ಟಿದರೆ ಬಡ್ಡಿ ಇಲ್ಲ, ಗಡುವು ದಾಟಿದರೆ ಆ ಸೌಲಭ್ಯ ಕೈತಪ್ಪುತ್ತದೆ. ಎಷ್ಟೋ ಮನೆಗಳಲ್ಲಿ ಆ ಹೊತ್ತಿಗೆ ಕೈಯಲ್ಲಿ ಹಣ ಇರುವುದಿಲ್ಲ. ಪರಿಚಯದವರಿಂದ ಕೆಲವು ದಿನಗಳ ಮಟ್ಟಿಗೆ ಕೈಸಾಲ ತಂದು ಸಂಘಕ್ಕೆ ಕಟ್ಟುತ್ತಾರೆ, ಸಾಲ ನವೀಕರಣವಾದ ಕೂಡಲೇ ಅದೇ ಹಣವನ್ನು ತೆಗೆದು ಕೈಸಾಲ ತೀರಿಸುತ್ತಾರೆ. ಆ ಕೆಲವು ದಿನಗಳಿಗೆ ತೆತ್ತ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ಹಾಕಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಸಂಸ್ಥೆಯ ಸಮೀಕ್ಷೆಯ ಹಾಳೆಯಲ್ಲಿ ಇದು ‘ಖಾಸಗಿ ಸಾಲ’ ಎಂಬ ಕಲಂನಡಿ ಬರುತ್ತದೆ. ವರದಿ ಬರೆಯುವವರು ‘ಲೇವಾದೇವಿದಾರರ ಹಿಡಿತ ಇನ್ನೂ ಬಿಗಿಯಾಗಿದೆ’ ಎಂದು ಬರೆಯುತ್ತಾರೆ. ಸಾಲ ಕೊಟ್ಟವರ ಕಡತದಲ್ಲಿ ಅದೇ ಮನೆಯ ಹೆಸರಿನ ಮುಂದೆ ‘ಮರುಪಾವತಿ ಸಕಾಲಿಕ’ ಎಂದು ಇರುತ್ತದೆ. ಎರಡೂ ಸುಳ್ಳಲ್ಲ. ಆದರೆ ಎರಡೂ ಒಂದೇ ಹಣದ ಕಥೆ ಎಂದು ಗೊತ್ತಾಗಬೇಕಾದರೆ ಎರಡು ದಾಖಲೆಗಳನ್ನೂ ಒಬ್ಬರೇ ಓದಬೇಕು. ಆ ಮನೆಗೆ ಬೇಕಾಗಿರುವುದು ಹೊಸ ಸಾಲವೂ ಅಲ್ಲ, ಜಾಗೃತಿ ಶಿಬಿರವೂ ಅಲ್ಲ. ಗಡುವು ಮೂರು ತಿಂಗಳು ಮುಂದಕ್ಕೆ ಹೋದರೆ ಸಾಕು.

ಮೂರು ತಿಂಗಳು ಏಕೆಂದು ತಿಳಿಯಲು ಒಂದು ರೊಬಸ್ಟಾ ಕಾಫಿ ತೋಟದ ವರ್ಷವನ್ನು ನೋಡಬೇಕು. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಫೆಬ್ರುವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುರಿಯಬೇಕು. ಮಳೆಗಾಲಕ್ಕೆ ಮುಂಚೆ ಗೊಬ್ಬರ, ಜೂನ್‌ನಲ್ಲಿ ಮಕ್ಕಳ ಶಾಲಾ ಶುಲ್ಕ, ನಡುವೆ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ, ಗಿಡ ಸವರುವ ಕಪಾತಿನ ಕೂಲಿ. ಜನವರಿಯಿಂದ ಕೊಯ್ಲು, ವರ್ಷದ ಅತಿ ದೊಡ್ಡ ಕೂಲಿ ಖರ್ಚು ಬರುವುದೇ ಆಗ, ಒಂದು ರೂಪಾಯಿಯೂ ಮನೆಗೆ ಬರುವ ಮುನ್ನ. ಹಣ್ಣು ಕಣದಲ್ಲಿ ಒಣಗಿ ಚೆರ್ರಿಯಾಗಿ ಚೀಲಕ್ಕೆ ಬೀಳುವಷ್ಟರಲ್ಲಿ ಗಡುವು ಬಾಗಿಲಲ್ಲಿ ನಿಂತಿರುತ್ತದೆ. ವ್ಯಾಪಾರಿ ಬಂದು ಚೀಲಕ್ಕೆ ಕೈ ಹಾಕಿ ಮಾದರಿ ತೆಗೆಯುತ್ತಾನೆ, ಸಿಪ್ಪೆ ಬಿಡಿಸಿ ಬೀಜ ತೂಗುತ್ತಾನೆ, ತೇವಾಂಶ ನೋಡುತ್ತಾನೆ, ಔಟ್‌ಟರ್ನ್ ಇಷ್ಟು ಎನ್ನುತ್ತಾನೆ. 50 ಕಿಲೋ ಚೆರ್ರಿಗೆ ಎಷ್ಟು ಕಿಲೋ ಬೀಜ ಇಳಿಯುತ್ತದೆ ಎಂಬುದೇ ಔಟ್‌ಟರ್ನ್. ಬೆಲೆ ನಿಂತಿರುವುದು ಅದರ ಮೇಲೆ. ಅವನು 28ರ ಬದಲು 26 ಎಂದರೆ ನೂರು ಚೀಲಕ್ಕೆ 200 ಕಿಲೋ ಬೀಜದ ಹಣ ಹೋಯಿತು. ಇನ್ನೆರಡು ದಿನದಲ್ಲಿ ಸಂಘಕ್ಕೆ ಕಟ್ಟಬೇಕಾದವರು ‘ಇನ್ನೊಂದು ಮಾದರಿ ತೆಗೆಯಿರಿ’ ಎಂದು ಪಟ್ಟು ಹಿಡಿಯುವುದಿಲ್ಲ, ಕೊಟ್ಟು ಕಳುಹಿಸುತ್ತಾರೆ.

ಅಭಿವೃದ್ಧಿ ಕ್ಷೇತ್ರದಲ್ಲಿ ನಾವು ಕೇಳುತ್ತಿದ್ದುದು ಈ ಮನೆಯ ವಾರ್ಷಿಕ ಆದಾಯ ಎಷ್ಟು ಎಂದು. ಹಣ ಯಾವ ತಿಂಗಳು ಬರುತ್ತದೆ, ಯಾವ ತಿಂಗಳು ಹೋಗುತ್ತದೆ ಎಂದು ಕೇಳಲು ನನಗೆ ಕಲಿಸಿದ್ದು ಬ್ಯಾಂಕು. ಇಡೀ ನನ್ನ ವೃತ್ತಿಯಲ್ಲಿ ಇದಕ್ಕಿಂತ ಉಪಯುಕ್ತವಾದ ಪಾಠ ಸಿಕ್ಕಿಲ್ಲ. ಈಗ ನಾನು ಕಂಪನಿಗಳಿಗೆ ಮಾಡಿಕೊಡುವ ಮೊದಲ ಕೆಲಸವೆಂದರೆ ಸದಸ್ಯರ ತಿಂಗಳವಾರು ಹಣದ ಹರಿವಿನ ಪಟ್ಟಿ, ಎರಡನೆಯದು ಚೆರ್ರಿಯನ್ನು ಮಾನ್ಯತೆ ಪಡೆದ ಗೋದಾಮಿನಲ್ಲಿಟ್ಟು ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ಏರ್ಪಾಡು. ಈ ರಸೀದಿಗೆ ಕಾನೂನಿನ ಬಲ ಕೊಟ್ಟ ಉಗ್ರಾಣಗಳ ಕಾಯ್ದೆ ಬಂದದ್ದು 2007ರಲ್ಲಿ. ಇಷ್ಟು ವರ್ಷವಾದರೂ ಸಣ್ಣ ಬೆಳೆಗಾರರ ಮನೆಬಾಗಿಲಿಗೆ ಅದು ತಲುಪಿಲ್ಲ ಎಂಬುದು ನನ್ನನ್ನು ಸದಾ ಕಾಡುತ್ತದೆ.

ಕೊಡಗಿನ ಹಿರಿಯರಿಗೆ ಈ ‘ಯಾವ ತಿಂಗಳು’ ಎಂಬ ಪ್ರಶ್ನೆ ಹೊಸದಲ್ಲ. 1942ರ ಕಾಫಿ ಕಾಯ್ದೆಯಡಿ ಫಸಲೆಲ್ಲ, ಎಲ್ಲರ ಬೆಳೆಯನ್ನು ಒಂದೆಡೆ ಸೇರಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ತಡವಾಗುತ್ತದೆ ಎಂಬ ದೂರು ಇತ್ತು, ಆದರೆ ಬೆಲೆಯ ಏರಿಳಿತದ ಭಾರ ಪೂಲ್‌ನಲ್ಲಿ ಎಲ್ಲರಿಗೂ ಹಂಚಿಹೋಗುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಮುಕ್ತ ಮಾರಾಟ ಬಂತು, 1996ಕ್ಕೆ ಪೂರ್ಣವಾಯಿತು. ಅಂದಿನಿಂದ ಲಂಡನ್ನಿನ ರೊಬಸ್ಟಾ ಬೆಲೆ, ಡಾಲರ್ ವಿನಿಮಯ ದರ, ಎರಡರ ಬಿಸಿಯೂ ನೇರವಾಗಿ ತೋಟಕ್ಕೆ ತಟ್ಟುತ್ತದೆ. 2001ರ ಕೊನೆಯಲ್ಲಿ ಆ ಬೆಲೆ ಟನ್ನಿಗೆ 500 ಡಾಲರ್‌ಗಿಂತ ಕೆಳಗಿತ್ತು. 2024ರಲ್ಲಿ 5,000 ಡಾಲರ್ ದಾಟಿತು. ಇಂತಹ ಏರಿಳಿತದಿಂದ ರಕ್ಷಣೆ ಪಡೆಯಲು, ಮುಂದಿನ ಮಾರಾಟದ ಬೆಲೆಯನ್ನು ಇಂದೇ ಗೊತ್ತುಮಾಡಿಕೊಳ್ಳುವ ವಾಯಿದಾ ಮಾರುಕಟ್ಟೆ ಇದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಲಂಡನ್ನಿನಲ್ಲಿ ಒಂದು ಒಪ್ಪಂದದ ಗಾತ್ರವೇ 10 ಟನ್. ಎರಡು ಮೂರು ಎಕರೆಯವರು ಅದರ ಹತ್ತಿರಕ್ಕೂ ಹೋಗಲಾರರು. ಹತ್ತಾರು ಮನೆಗಳ ಫಸಲು ಒಂದೆಡೆ ಸೇರಿದಾಗಷ್ಟೇ ಆ ಮಾತು ಎತ್ತಬಹುದು. ಮನೆಗಳನ್ನು ಸೇರಿಸುವುದು ಅಭಿವೃದ್ಧಿಯವರಿಗೆ ಗೊತ್ತಿರುವ ಕೆಲಸ, ಒಪ್ಪಂದ ಓದುವುದು ಹಣಕಾಸಿನವರಿಗೆ ಗೊತ್ತಿರುವ ಕೆಲಸ.

ಬ್ಯಾಂಕಿಗೆ ಕಾಣದಿರುವುದೂ ಬಹಳ ಇದೆ, ಹಳ್ಳಿಯಲ್ಲಿ ದುಡಿದ ವರ್ಷಗಳು ಅಲ್ಲಿ ನನಗೆ ನೆರವಾದವು. ಕೊಡಗಿನ ಪಾರಂಪರಿಕ ಹಿಡುವಳಿಯಾದ ಜಮ್ಮಾ ಬಾಣೆಯ ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಹಿರಿಯರಾದ ಪಟ್ಟೇದಾರರ ಹೆಸರಿರುತ್ತದೆ, ತೋಟ ಮಾಡುತ್ತಿರುವವರು ಬೇರೆ ಇರುತ್ತಾರೆ. ಬೆಂಗಳೂರಿನ ಮೇಜಿನ ಮೇಲೆ ಅದು ‘ಹಕ್ಕು ಅಸ್ಪಷ್ಟ’. ಊರಿನಲ್ಲಿ ಯಾವ ಗಡಿಯವರೆಗೆ ಯಾರ ತೋಟ ಎಂಬುದು ಮಕ್ಕಳಿಗೂ ಗೊತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆ ಗುಡ್ಡಗಳು ಜರಿದಾಗ ಇದರ ಇನ್ನೊಂದು ಮುಖ ಕಂಡಿತು. ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಲದ ಅವಧಿ ಮರುಹೊಂದಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿತ್ತು. ಅದು ಈ ವರ್ಷ ಹಾಳಾದ ಬೆಳೆ ಮುಂದಿನ ವರ್ಷ ಬರುತ್ತದೆ ಎಂಬ ನಂಬಿಕೆಯ ಮೇಲೆ ಬರೆದ ನಿಯಮ. ಅಲ್ಲಿ ಗಿಡವಲ್ಲ, ಮಣ್ಣೇ ಹೊಳೆ ಸೇರಿತ್ತು. ಕಡತದಲ್ಲಿ ‘ಅಡಮಾನ: ಕಾಫಿ ತೋಟ, ಇಷ್ಟು ಎಕರೆ’ ಎಂದು ಇದ್ದೇ ಇತ್ತು. ಗಡುವು ಮುಂದೂಡುವುದಕ್ಕೂ ಸಾಲವನ್ನೇ ಬಿಡುವುದಕ್ಕೂ ಇರುವ ವ್ಯತ್ಯಾಸವನ್ನು ಸಾಲ ಸಮಿತಿಗೆ ಮನವರಿಕೆ ಮಾಡಿಕೊಡಬೇಕಾದರೆ ಆ ಜಾಗವನ್ನು ಕಣ್ಣಾರೆ ಕಂಡವರು ಕೋಣೆಯೊಳಗೆ ಇರಬೇಕು.

ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಅಡ ಇಡಲು ಭೂಮಿಯೇ ಇಲ್ಲ. ಅವರ ಬಳಿಗೆ ಹೋಗಿದ್ದು ಕಿರುಸಾಲದ ಗುಂಪುಗಳು. ಇದರ ಚರಿತ್ರೆಯಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಪಾಲಿದೆ. ಮೈರಾಡ ಸಂಸ್ಥೆಯ ಉಳಿತಾಯ ಗುಂಪುಗಳಿಗೆ 1987ರಲ್ಲಿ ರಾಷ್ಟ್ರೀಯ ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ನೆರವು ನೀಡಿತು, ಆ ಅನುಭವದ ಬಲದಿಂದ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಬಂತು. ಪ್ರದಾನ್ ಎಂಬ ಗ್ರಾಮೀಣ ಸಂಸ್ಥೆಯನ್ನು 1983ರಲ್ಲಿ ಕಟ್ಟಿದವರಲ್ಲಿ ಒಬ್ಬರಾದ ವಿಜಯ್ ಮಹಾಜನ್ 1996ರಲ್ಲಿ ಬೇಸಿಕ್ಸ್ ಎಂಬ ಹಣಕಾಸು ಸಂಸ್ಥೆ ಆರಂಭಿಸಿದರು. ಅಭಿವೃದ್ಧಿಯಿಂದ ಹಣಕಾಸಿಗೆ ದಾಟಿದವರ ಆ ಪೀಳಿಗೆಯನ್ನು ನಾನು ಗೌರವಿಸುತ್ತೇನೆ. ಆದರೆ ಹಿಂದೆಯೇ ಬಂದ ಬಂಡವಾಳಕ್ಕೆ ವೇಗ ಬೇಕಿತ್ತು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಕಿರುಸಾಲದ ಬಿಕ್ಕಟ್ಟು ಸ್ಫೋಟಿಸಿತು. 2025ರ ಫೆಬ್ರುವರಿಯಲ್ಲಿ ಕರ್ನಾಟಕವೇ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಕಂತುಗಳ ಒಟ್ಟು ಮೊತ್ತ ಮನೆಯ ಮಾಸಿಕ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿತ್ತು. ಕೊಯ್ಲಿನ ತಿಂಗಳ ಕೂಲಿಯನ್ನು ಬರೆದುಕೊಂಡರೆ ಆ ಅರ್ಧ ಸರಿಹೋಗುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಕೆಲಸವಿಲ್ಲದೆ ಕೂತಾಗ ಅದೇ ಕಂತು ಅಕ್ಕಿಯ ದುಡ್ಡನ್ನು ತಿನ್ನುತ್ತದೆ. ಮತ್ತೆ ಅದೇ ಪ್ರಶ್ನೆ, ಯಾವ ತಿಂಗಳು ಎಂಬುದು.

ಇನ್ನು ದಾಟುವುದು ಹೇಗೆ ಎಂಬ ವಿಚಾರ. ಹಳ್ಳಿಯ ಅನುಭವ ಇರುವವರನ್ನು ಬ್ಯಾಂಕುಗಳು, ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ವಿಭಾಗಕ್ಕೆ ಹಾಕಲು ನೋಡುತ್ತವೆ. ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಬಳಸಬೇಕೆನ್ನುವ 2013ರ ಕಂಪನಿ ಕಾಯ್ದೆಯ 135ನೇ ಕಲಂ ಬಂದ ಮೇಲೆ ಅಲ್ಲಿ ಕೆಲಸಗಳೂ ಹೆಚ್ಚಿವೆ. ಹಣಕಾಸು ಕಲಿಯುವ ಆಸೆ ಇದ್ದರೆ ಅದನ್ನು ಒಪ್ಪಬೇಡಿ. ಅಲ್ಲಿ ಅನುದಾನ ಹಂಚುತ್ತೀರಿ, ಸಾಲ ತೂಗುವುದಿಲ್ಲ. ಸಾಲ ಪರಿಶೀಲನೆಯ ಮೇಜನ್ನೇ ಕೇಳಿ, ದರ್ಜೆ ಒಂದು ಕೆಳಗಾದರೂ ಚಿಂತೆಯಿಲ್ಲ. ಶಿಫಾರಸಿನ ಕೆಳಗೆ ನಿಮ್ಮ ಸಹಿ ಬಿದ್ದಾಗ ಅಂದಾಜಿಗೂ ತೀರ್ಮಾನಕ್ಕೂ ಇರುವ ಅಂತರ ತಿಳಿಯುತ್ತದೆ. ಹಾಗೆಯೇ ಬ್ಯಾಂಕಿನಿಂದ ಬಂದವರನ್ನು ಸ್ವಯಂಸೇವಾ ಸಂಸ್ಥೆಗಳು ದೇಣಿಗೆ ತರುವ, ಲೆಕ್ಕಪತ್ರ ನೋಡುವ ಕೆಲಸಕ್ಕೆ ಕಟ್ಟಿಹಾಕುತ್ತವೆ. ವಾರಕ್ಕೆ ಎರಡು ದಿನವಾದರೂ ಊರೂರು ತಿರುಗುವ ಕೆಲಸ ಕೊಡುತ್ತೀರಾ ಎಂದು ಸೇರುವ ಮೊದಲೇ ಕೇಳಿ ಬರೆಸಿಕೊಳ್ಳಿ. ಸಂಬಳ ಇಳಿಯುತ್ತದೆ, ಮನೆ ಸಾಲದ ಕಂತು ಇರುವಾಗ ದಾಟಬೇಡಿ. ಐ.ಜಿ. ಪಟೇಲರಂತಹವರು ಹಣಕಾಸು ಸಚಿವಾಲಯದಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಕ್ಕೆ, ಅಲ್ಲಿಂದ 1977ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಹುದ್ದೆಗೆ ಬಂದರು. ಆ ಎತ್ತರದಲ್ಲಿ ಕುರ್ಚಿ ಬದಲಾಗುವುದು ಸುಲಭ; ತಾಲ್ಲೂಕು ಮಟ್ಟದಲ್ಲಿ ನಿಮ್ಮ ದಾರಿಯನ್ನು ನೀವೇ ಕೇಳಿ ಮಾಡಿಸಿಕೊಳ್ಳಬೇಕು.

ಎಷ್ಟು ವರ್ಷ ಇರಬೇಕು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ. ನೀವು ಶಿಫಾರಸು ಮಾಡಿದ ಸಾಲ ತೀರುವವರೆಗೆ ಅಥವಾ ಕೆಡುವವರೆಗೆ ಬ್ಯಾಂಕಿನಲ್ಲಿರಿ. ನೀವು ಆರಂಭಿಸಿದ ಯೋಜನೆ ಮುಗಿದು, ಅನುದಾನ ನಿಂತು, ಒಂದು ಮಳೆಗಾಲ ಕಳೆಯುವವರೆಗೆ ಆ ಊರಿನ ಸಂಪರ್ಕದಲ್ಲಿರಿ. ಅದಕ್ಕಿಂತ ಮೊದಲು ಎದ್ದು ಬಂದರೆ ಅರ್ಧ ಓದಿದಂತೆ. ಕೊಡಗಿನಲ್ಲಿ ಇಂತಹವರಿಗೆ ಈಗಲೇ ಕೆಲಸ ಕಾದಿದೆ. ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಮಳೆಮಾಪಕ ತೋರಿಸಿದ ಅಂಕಿಯ ಮೇಲೆ. ಭಾಗಮಂಡಲದ ಮಳೆ ಕುಶಾಲನಗರದ ಮಳೆಯ ಹಲವು ಪಟ್ಟು ಇರುವ ಜಿಲ್ಲೆಯಲ್ಲಿ, ಒಂದೇ ಪಂಚಾಯಿತಿಯ ಎರಡು ಬೆಟ್ಟಗಳ ನಡುವೆಯೂ ಅಂಕಿ ಬದಲಾಗುತ್ತದೆ. ಮಾಪಕ ಯಾವ ಬೆಟ್ಟದ ಮೇಲಿದೆ, ಬಳ್ಳಿ ಕೊಳೆತದ್ದು ಯಾವ ಬೆಟ್ಟದಲ್ಲಿ ಎಂದು ನಡೆದು ನೋಡಿ, ವಿಮಾ ಕಂಪನಿಗೆ ಅದರ ಭಾಷೆಯಲ್ಲೇ ಅರ್ಜಿ ಬರೆಯಬಲ್ಲವರು ಬೇಕು. ಇದೇ ಮಳೆಗಾಲದಲ್ಲಿ ಆ ಕೆಲಸ ಶುರು ಮಾಡುತ್ತಿದ್ದೇವೆ, ಬರುವ ಮನಸ್ಸಿರುವ ವಿದ್ಯಾರ್ಥಿಗಳು ಜೂನ್‌ಗೆ ಮೊದಲೇ ಬನ್ನಿ.