ಬಿಲವೆಂಬ ಮೂಡೆ

ಮುಂಬಯಿ ಮಾಟುಂಗದ ನಮ್ಮ ಕಟ್ಟಡದ ಹಿಂಗೋಡೆಯ ಬುಡದಲ್ಲಿದ್ದ ಹೆಗ್ಗಣದ ಬಿಲ ಜುಲೈ ಮಳೆಯ ಒಂದೇ ರಾತ್ರಿಯಲ್ಲಿ ಕೆಸರು ತುಂಬಿ ಮುಚ್ಚಿಹೋಯಿತು. ‘ಪೀಡೆ ತೊಲಗಿತು’ ಎಂದರು ಪಕ್ಕದ ಮನೆಯ ಉಡುಪಿಯ ಅಕ್ಕ. ನನಗೆ ದಕ್ಷಿಣ ಆಫ್ರಿಕಾದ ಕರೂ ಬಯಲು, ಅಲ್ಲಿ ಹೀಗೆಯೇ ಕೆಸರು ತುಂಬಿ ಕಲ್ಲಾದ ಬಿಲ ನೆನಪಾಯಿತು.

ಪಳೆಯುಳಿಕೆ ಎಂದೊಡನೆ ನಮಗೆ ಡೈನೋಸಾರ್ ಬೇಕು. ಇಲಿಯಷ್ಟು ಜೀವಿ ನೆಲದ ಮೇಲೆ ಸತ್ತರೆ ಕಾಗೆ, ಇರುವೆ, ಬಿಸಿಲು ಸೇರಿ ಬೇಗನೆ ಲೆಕ್ಕ ಚುಕ್ತಾ ಮಾಡುತ್ತವೆ. ಬಿಲದಲ್ಲಿ ಸತ್ತದ್ದು ಆಗಲೇ ಅರ್ಧ ಹೂತಿರುತ್ತದೆ. ಉಳಿದರ್ಧ ನೆರೆನೀರಿನ ಕೆಲಸ.

ಮೂಡೆ ಬೇಯಿಸಿದವರಿಗೆ ಇದನ್ನು ವಿವರಿಸುವುದು ಸುಲಭ. ಕೇದಗೆ ಜಾತಿಯ ಎಲೆಯ ಕೊಳವೆಗೆ ಹಿಟ್ಟು ಹೊಯ್ದು ಬೇಯಿಸಿ, ಎಲೆ ಬಿಡಿಸಿದರೆ ಕೊಳವೆಯ ಆಕಾರವೇ ಗಟ್ಟಿಯಾಗಿ ನಿಲ್ಲುತ್ತದೆ. ಇಲ್ಲಿ ಬಿಲವೇ ಎಲೆ, ಕೆಸರೇ ಹಿಟ್ಟು. ಆವಿಯ ಬದಲು ನೆಲದೊಳಗೆ ಜಿನುಗುವ ನೀರು ಸುಣ್ಣದ ಅಂಶ ತಂದು ಕಣಗಳ ನಡುವೆ ಗಾರೆ ಕಟ್ಟುತ್ತದೆ. ಒಳಗೆ ಮಲಗಿದ್ದ ಪ್ರಾಣಿಯ ಎಲುಬುಗಳು ಚದುರುವುದಿಲ್ಲ. ಸುತ್ತಲಿನ ಮೆದು ಕಲ್ಲು ಸವೆದಾಗ ಈ ಮೂಡೆ ಎದ್ದು ಕಾಣುತ್ತದೆ.

ಅಮೆರಿಕದ ನೆಬ್ರಾಸ್ಕದಲ್ಲಿ ಹೀಗೆ ಎದ್ದು ಕಂಡ, ಆಳೆತ್ತರವನ್ನೂ ಮೀರಿದ ಸುರುಳಿಗಳಿಗೆ ಜನ ‘ದೆವ್ವದ ತಿರುಪು’ ಎಂದು ಹೆಸರಿಟ್ಟರು. ಅರ್ಥವಾಗದ್ದನ್ನು ದೆವ್ವದ ತಲೆಗೆ ಕಟ್ಟುವುದು ಎಲ್ಲ ಊರಿನ ಚಾಳಿ. 1890ರ ದಶಕದಲ್ಲಿ ಭೂವಿಜ್ಞಾನಿ ಅರ್ವಿನ್ ಬಾರ್ಬರ್ ಅವನ್ನು ಸ್ಪಂಜು ಎಂದರು, ಆಮೇಲೆ ಸಸ್ಯ ಎಂದರು. ಒಳಗೆ ಇಲಿ-ಅಳಿಲುಗಳ ಬಳಗದ ದಂಶಕದ ಅಸ್ಥಿಪಂಜರ ಸಿಕ್ಕರೂ ಮನಸ್ಸು ಬದಲಾಗಲಿಲ್ಲ! ಗೋಡೆಯ ಗೀರುಗಳು ಪೇಲಿಯೋಕ್ಯಾಸ್ಟರ್ ಎಂಬ ಬೀವರ್ ಜಾತಿಯ ದಂಶಕದ ಬಾಚಿಹಲ್ಲಿನವು ಎಂದು ವಿಜ್ಞಾನಿಗಳಾದ ಮಾರ್ಟಿನ್ ಮತ್ತು ಬೆನೆಟ್ ತೋರಿಸಿದ್ದು 1977ರಲ್ಲಿ.

ಆದರೆ ಬಿಲದಲ್ಲಿ ಸಿಕ್ಕದ್ದೆಲ್ಲ ಅದನ್ನು ತೋಡಿದ್ದೇ ಎನ್ನುವಂತಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವಿನ ಹೆಸರಿನಲ್ಲಿ ಹಾಲೆರೆಯುವ ನಮಗೆ ಇದು ಬೇಗ ಹೊಳೆಯಬೇಕಿತ್ತು. ನೆಬ್ರಾಸ್ಕದ ಒಂದು ಸುರುಳಿಯೊಳಗೆ ಮುದುಡಿ ಮಲಗಿದ್ದು ಜೋಡಿಯೋಲೆಸ್ಟಿಸ್ ಎಂಬ ಮಾಂಸಾಹಾರಿ. ಅದು ಬಾಡಿಗೆಗೆ ಬಂದಿತ್ತೋ, ಊಟಕ್ಕೋ?

ಕರೂವಿನ ಬಿಲವಂತೂ 25 ಕೋಟಿ ವರ್ಷ ಹಳೆಯದು. ಒಡೆಯದೆಯೇ ಅದರೊಳಗೆ ಇಣುಕಲು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪ್ರಬಲ ಕ್ಷ-ಕಿರಣ ಹಾಯಿಸಿದರು. 2013ರಲ್ಲಿ ಪ್ರಕಟವಾದ ಚಿತ್ರಗಳಲ್ಲಿ ಸಸ್ತನಿಗಳ ದೂರದ ನಂಟ ಥ್ರೈನಾಕ್ಸೊಡಾನ್, ಪಕ್ಕದಲ್ಲೇ ಬ್ರೂಮಿಸ್ಟೆಗ ಎಂಬ ಉಭಯಚರ. ಉಭಯಚರದ ಪಕ್ಕೆಲುಬುಗಳು ಮುರಿದು ಕೂಡಿಕೊಳ್ಳತೊಡಗಿದ್ದವು. ಗಾಯಾಳು ಒಳಹೊಕ್ಕಾಗ ಮನೆಯೊಡೆಯ ಗಾಢ ನಿದ್ದೆಯಲ್ಲಿದ್ದಿರಬೇಕು ಎಂಬುದು ವಿಜ್ಞಾನಿಗಳ ಊಹೆ. ಆಮೇಲೆ ನೆರೆ ಬಂತು.

ನಮ್ಮ ಬಿಲಕ್ಕೆ ಮರುವಾರ ಸೊಸೈಟಿಯವರು ಸಿಮೆಂಟ್ ಹೊಯ್ದರು. ಒಳಗೆ ಯಾರಿದ್ದರು ಎಂದು ಯಾರೂ ನೋಡಲಿಲ್ಲ.